ಹೋದ ಬಾಣವು ಹಿಂದಿರುಗಿ ಬರುವ ಬಗೆ



ತಡಸದ ಒಬ್ಬ ಒಕ್ಕಲಿಗನು ಹತ್ತಿಯನ್ನು ಚಕ್ಕಡಿಯಲ್ಲಿ ಹೇರಿಕೊಂಡು ಹುಬ್ಬಳ್ಳಿಯ ಪೇಟೆಗೆ ಹೋದನೆಂದು ಎಣಿಸಿರಿ. ಮಾಲು ಇಳಿಸಿದ ಕೂಡಲೆ ಅವನು ಚಕ್ಕಡಿಯನ್ನು ಕೆರೆಗೆ ನೂಕಿ, ನಡೆದು ಮನೆಗೆ ಬಂದು, ಮರುಸಲದ ಪೇಟೆಗಾಗಿ ಬಡಿಗನಿಂದ ಹೊಸ ಚಕ್ಕಡಿಯನ್ನು ಮಾಡಿಸತೊಡಗಿದರೆ ಊರವರು ಏನನ್ನುವರು? ಹತ್ತಿಗೆ ಎಷ್ಟು ಬೆಲೆ ಬಂದರೂ ಈ ಸಂಸಾರವು ಸಾಗದೆಂದು ಮನೆಯ ಹೆಣ್ಣುಮಕ್ಕಳೇ ಮೊದಲು ಲೆಕ್ಕ ತೋರಿಸುವರು. ಆದರೆ ಉಪಗ್ರಹಗಳನ್ನು ಆಕಾಶಕ್ಕೆ ಒಯ್ಯುವ ಕಾರ್ಯದಲ್ಲಿ ಬಹುಕಾಲ ನಡೆದುಬಂದ ರೂಢಿಯು ಇದೇ ಆಗಿತ್ತು.

ರಾಕೆಟ್ಟೆಂಬುದು ಒಂದೇ ಬಾಣವಲ್ಲ. ಒಂದರ ಮೇಲೊಂದು ಕೂಡಿಸಿದ ಹಂತಗಳ ಜೋಡಣೆಯು. ತಳದ ಹಂತವು ಎಲ್ಲಕ್ಕೂ ದೊಡ್ಡದು. ತನ್ನ ಇಂಧನವು ತೀರಿದೊಡನೆ ಅದು ಕಳಚಿ ಬೀಳುವದು. ನಮ್ಮ ದೇಶದ ಪಿ.ಎಸ್.ಎಲ್.ವಿ. ವಾಹನಕ್ಕೆ ಇಂಥ ನಾಲ್ಕು ಹಂತಗಳುಂಟು. ಶ್ರೀಹರಿಕೋಟೆಯಿಂದ ಹೊರಟ ಬಳಿಕ ಕೆಳಗಿನವು ಸಮುದ್ರದ ಪಾಲಾಗುವವು. ಒಟ್ಟು ವೆಚ್ಚದಲ್ಲಿ ಇಂಧನದ ಬೆಲೆಯು ಅಲ್ಪಭಾಗವೇ. ಹೆಚ್ಚಿನ ಹಣವು ತಗಲುವದು ಯಂತ್ರಕ್ಕೆ. ಆ ಯಂತ್ರವೇ ಕೆಲವು ನಿಮಿಷಗಳ ದುಡಿಮೆಯ ನಂತರ ನೀರುಪಾಲಾಗುವದು.

ಹಾಗಾದರೆ ಅದನ್ನು ಮರಳಿ ತರಬಾರದೇಕೆ? ಅಮೇರಿಕೆಯವರು 1981ರಿಂದ 2011ರ ವರೆಗೆ ಹಾರಿಸಿದ ಸ್ಪೇಸ್ ಶಟಲ್ ವಾಹನದ ಎರಡು ಪಕ್ಕದ ಬೂಸ್ಟರುಗಳು ಪ್ಯಾರಾಚೂಟಿನಿಂದ ಸಮುದ್ರಕ್ಕಿಳಿಯುತ್ತಿದ್ದವು; ಹಡಗುಗಳು ಅವನ್ನು ದಡಕ್ಕೆ ಎಳೆದು ತರುತ್ತಿದ್ದವು. ಆದರೆ ಉಪ್ಪುನೀರಿನಲ್ಲಿ ಬಿದ್ದುದನ್ನು ಬಿಚ್ಚಿ, ತೊಳೆದು, ಪುನಃ ಜೋಡಿಸುವ ಶ್ರಮವು ಬಹಳವಾದುದರಿಂದ ಎಣಿಸಿದಷ್ಟು ಉಳಿತಾಯವಾಗಲಿಲ್ಲ. ಮರಳಿ ಸಿಕ್ಕರೆ ಸಾಲದು, ಕೆಡದೆ ಸಿಕ್ಕಬೇಕು ಎಂಬ ಪಾಠವು ಇದರಿಂದ ದೊರೆಯಿತು.

ಎರಡನೆಯ ಉಪಾಯವು ಬೆಂಕಿಯ ಮೇಲೆಯೇ ಇಳಿಯುವದು. ಸ್ಪೇಸ್‌ಎಕ್ಸ್ ಎಂಬ ಖಾಸಗಿ ಕಂಪನಿಯ ಫಾಲ್ಕನ್-9 ರಾಕೆಟ್ಟಿನ ತಳದ ಹಂತಕ್ಕೆ ಒಂಬತ್ತು ಎಂಜಿನುಗಳಿವೆ. ಅವು ಶುದ್ಧಗೊಳಿಸಿದ ಚಿಮಣಿ ಎಣ್ಣೆಯನ್ನೂ ದ್ರವರೂಪದ ಆಮ್ಲಜನಕವನ್ನೂ ಉರಿಸುವವು. ಮೇಲಿನ ಹಂತದಿಂದ ಬೇರೆಯಾದ ಮೇಲೆ ಈ ತಳದ ಹಂತವು ತಿರುಗಿ, ಉಳಿಸಿಕೊಂಡ ಇಂಧನದಿಂದ ಕೆಲವು ಎಂಜಿನುಗಳನ್ನು ಮತ್ತೆ ಹೊತ್ತಿಸಿ ತನ್ನ ವೇಗವನ್ನು ಕುಗ್ಗಿಸುವದು. ಬರಿದಾದ ಹಂತವು ಎಷ್ಟು ಹಗುರವೆಂದರೆ, ಒಂದೇ ಎಂಜಿನಿನ ಒತ್ತು ಅದರ ಭಾರವನ್ನು ಮೀರುವದು. ಆದುದರಿಂದ ಗಾಳಿಯಲ್ಲಿ ನಿಂತು ಯೋಚಿಸಲು ಅದಕ್ಕೆ ಎಡೆಯಿಲ್ಲ. ಕಾಲು ನೆಲಕ್ಕೆ ತಾಕುವ ಕ್ಷಣಕ್ಕೇ ವೇಗವು ಶೂನ್ಯವಾಗಬೇಕು. ತುಸು ಮೊದಲಾದರೆ ಪುನಃ ಮೇಲಕ್ಕೇರುವದು, ತುಸು ತಡವಾದರೆ ಒಡೆಯುವದು. ಅನೇಕ ಸಾರೆ ಒಡೆದ ನಂತರ 2015ನೆಯ ಇಸವಿಯ ದಶಂಬರದಲ್ಲಿ ಅದು ಫ್ಲೋರಿಡಾದ ನೆಲದ ಮೇಲೆ ನೆಟ್ಟಗೆ ನಿಂತಿತು. 2017ರ ಮಾರ್ಚದಲ್ಲಿ ಹೀಗೆ ಮರಳಿದ ಹಂತವೊಂದು ಎರಡನೆಯ ಬಾರಿ ಹಾರಿತು.

ಇದು ದೂರದೇಶದ ವಾರ್ತೆಯೆಂದು ನಾವು ಸುಮ್ಮನಿರುವಂತಿಲ್ಲ. ನಮ್ಮ ಇಸ್ರೋ ಸಂಸ್ಥೆಯು ನಿರ್ಮಿಸಿದ ಜಿಸ್ಯಾಟ್-20 ಎಂಬ ಉಪಗ್ರಹವು 4,700 ಕಿಲೋಗ್ರಾಂ ತೂಕದ್ದು. ನಮ್ಮ ಯಾವ ವಾಹನವೂ ಅದನ್ನು ಬೇಕಾದ ಕಕ್ಷೆಗೆ ಹೊರಲಾರದಾಗಿತ್ತು. ಆದಕಾರಣ 2024ರ ನವೆಂಬರ 19ರ ನಡುರಾತ್ರಿ, ನಮ್ಮ ಗಡಿಯಾರದ ಪ್ರಕಾರ, ಅದು ಫ್ಲೋರಿಡಾದಿಂದ ಫಾಲ್ಕನ್-9ರ ಮೇಲೆ ಏರಿಹೋಯಿತು. ಅದನ್ನು ಹೊತ್ತ ತಳದ ಹಂತವು ಹಿಂದೆ ಹಲವು ಬಾರಿ ಹಾರಿದ್ದುದೇ. ಅಂದೂ ಮರಳಿ ಬಂದಿತು. ಮಾಲು ನಮ್ಮದು, ಚಕ್ಕಡಿ ಪರರದು, ಬಾಡಿಗೆ ನಮ್ಮಿಂದ.

ಮೂರನೆಯ ಉಪಾಯವು ರೆಕ್ಕೆಗಳದು. ಇದನ್ನು ಪರೀಕ್ಷಿಸಿದ್ದು ನಮ್ಮ ಕನ್ನಡನಾಡಿನಲ್ಲಿಯೇ. ತಡಸದ ಹೆದ್ದಾರಿಯನ್ನು ಹಿಡಿದು ಹಾವೇರಿ, ದಾವಣಗೆರೆಗಳನ್ನು ದಾಟಿ ಚಿತ್ರದುರ್ಗಕ್ಕೆ ಹೋಗಿ, ಅಲ್ಲಿಂದ ಮೂಡಣಕ್ಕೆ ತಿರುಗಿದರೆ ಚಳ್ಳಕೆರೆಯು ಸಿಗುವದು. ಅದರ ಬಳಿಯ ವೈಮಾನಿಕ ಪರೀಕ್ಷಾ ಕ್ಷೇತ್ರದಲ್ಲಿ 2023ರ ಎಪ್ರಿಲ 2ರಂದು ವಾಯುಸೇನೆಯ ಚಿನೂಕ್ ಹೆಲಿಕಾಪ್ಟರು ರೆಕ್ಕೆಯುಳ್ಳ ವಾಹನವೊಂದನ್ನು 4.5 ಕಿಲೋಮೀಟರು ಎತ್ತರಕ್ಕೆ ಒಯ್ದು ಬಿಟ್ಟಿತು. ಒಳಗೆ ಮನುಷ್ಯರಿಲ್ಲ, ಎಂಜಿನಿನ ಬಲವಿಲ್ಲ. ವಾಹನವು ತಾನೇ ದಾರಿ ನೋಡಿಕೊಂಡು ಓಡುಹಾದಿಯ ಮೇಲೆ ಇಳಿಯಿತು. 2024ರ ಮಾರ್ಚ 22ರಂದು ಪುಷ್ಪಕವೆಂಬ ಹೆಸರಿನಿಂದ ಎರಡನೆಯ ಪರೀಕ್ಷೆಯಾಯಿತು. ಅದೇ ವರುಷ ಜೂನ 23ರಂದು, ಬಲವಾದ ಗಾಳಿಯಲ್ಲಿ, ಓಡುಹಾದಿಯ ನೇರದಿಂದ 500 ಮೀಟರು ಪಕ್ಕಕ್ಕೆ ಬಿಟ್ಟರೂ ಅದು ದಾರಿಯನ್ನು ತಿದ್ದಿಕೊಂಡು ಬಂದಿತು. ಇಳಿದಾಗ ಅದರ ವೇಗವು ಗಂಟೆಗೆ 320 ಕಿಲೋಮೀಟರಿಗೂ ಮಿಕ್ಕಿತ್ತು. ಪ್ಯಾರಾಚೂಟು ಬಿಚ್ಚಿಕೊಂಡು ಅದನ್ನು ಸುಮಾರು 100ಕ್ಕೆ ತಗ್ಗಿಸಿತು. ಮಾರ್ಚದಲ್ಲಿ ಇಳಿದ ಅದೇ ಒಡಲನ್ನೇ ಬದಲಿಸದೆ ಜೂನದಲ್ಲಿ ಪುನಃ ಉಪಯೋಗಿಸಿದರೆಂಬುದು ನಮ್ಮ ವಿಷಯಕ್ಕೆ ಮುಖ್ಯವಾದ ಮಾತು.

ಆದರೂ ಅತಿಶಯೋಕ್ತಿಯು ಸಲ್ಲದು. ಈ ಮೂರು ಪರೀಕ್ಷೆಗಳಲ್ಲಿ ಪುಷ್ಪಕವು ಇಳಿದದ್ದು ಹೆಲಿಕಾಪ್ಟರಿನಿಂದ, ಅಂತರಿಕ್ಷದಿಂದಲ್ಲ. ಕಕ್ಷೆಯಿಂದ ಮರಳುವಾಗಿನ ಉರಿಯನ್ನು ತಾಳುವದು ಬೇರೆ ಪರೀಕ್ಷೆ. ಮರಳುವಿಕೆಯು ಪುಕ್ಕಟೆಯದೂ ಅಲ್ಲ. ಹಿಂದಿರುಗಲು ಇಂಧನವನ್ನೋ ರೆಕ್ಕೆಗಳನ್ನೋ ಹೊತ್ತೊಯ್ದಷ್ಟು ಹೇರು ಕಡಿಮೆಯಾಗುವದು. ಮೇಲಿಂದ ಮೇಲೆ ಹಾರಿದರೆ ಮಾತ್ರ ಉಳಿತಾಯವು ಕೈಸೇರುವದು.

ಪೂರ್ವವಿದ್ಯಾರ್ಥಿನಿಯರೇ, ಬೀಳುವ ವಸ್ತುವಿನ ವೇಗದ ಲೆಕ್ಕವನ್ನು ನೀವು ಕಪ್ಪುಹಲಗೆಯ ಮೇಲೆ ಬಿಡಿಸಿದ್ದುಂಟು. ಚಳ್ಳಕೆರೆಯ ಬಯಲಿನಲ್ಲಿ ಸಾಧಿಸಿದ್ದು ಅದೇ ಲೆಕ್ಕದ ಬೆಳೆದ ರೂಪವು. ನಮ್ಮ ಮಾಲು ನಮ್ಮದೇ ಚಕ್ಕಡಿಯಲ್ಲಿ ಹೋಗಿ, ಚಕ್ಕಡಿಯು ಮನೆಗೆ ಮರಳಬೇಕಾದರೆ ಆ ಲೆಕ್ಕವನ್ನು ಮುಂದುವರಿಸುವವರು ಬೇಕು. ಪಾಲಕರೇ, ನಿಮ್ಮ ಮಗಳು ಗಣಿತವನ್ನು ಇನ್ನೆರಡು ವರುಷ ಓದುವೆನೆಂದರೆ ಬೇಡವೆನ್ನಬೇಡಿರೆಂದು ನಮ್ಮ ವಿನಂತಿ.