ಜಾಕ್ ಕರ್ ಅರಮನೆ

ಜಾಕ್ ಕರ್ ಅರಮನೆಯು ಫ್ರಾನ್ಸ್ ದೇಶದ ಮಧ್ಯಭಾಗದ ಬೂರ್ಜ್ ನಗರದಲ್ಲಿರುವ ಹದಿನೈದನೆಯ ಶತಮಾನದ ಒಂದು ಕಟ್ಟಡ. ಅರಮನೆ ಎಂಬ ಹೆಸರು ರೂಢಿಯಲ್ಲಿದ್ದರೂ ಇದು ಅರಸನ ನಿವಾಸವಲ್ಲ. ವರ್ತಕನೊಬ್ಬ ತನಗಾಗಿ ಕಟ್ಟಿಸಿಕೊಂಡ ಮನೆ. ಗಾಥಿಕ್ ಶೈಲಿಯ ವಾಸಗೃಹಗಳಲ್ಲಿ ಇದು ಅತ್ಯಂತ ಪ್ರಸಿದ್ಧವಾದವುಗಳಲ್ಲಿ ಒಂದು.

ಕಟ್ಟಿಸಿದವನು

ಜಾಕ್ ಕರ್ ಬೂರ್ಜ್‌ನ ತುಪ್ಪಳದ ವ್ಯಾಪಾರಿಯೊಬ್ಬನ ಮಗ. ಮೆಡಿಟರೇನಿಯನ್ ಸಮುದ್ರದಲ್ಲಿ ಹಡಗುಗಳನ್ನು ನಡೆಸಿ, ಈಜಿಪ್ಟ್ ಮತ್ತು ಸಿರಿಯಗಳಿಂದ ರೇಷ್ಮೆ ಹಾಗೂ ಸಂಬಾರ ಪದಾರ್ಥಗಳನ್ನು ತರಿಸಿ ಅಪಾರ ಸಂಪತ್ತನ್ನು ಗಳಿಸಿದ. ದೊರೆ ಏಳನೆಯ ಚಾರ್ಲ್ಸನ ಆಸ್ಥಾನಕ್ಕೆ ಬಟ್ಟೆ, ತುಪ್ಪಳ, ಆಭರಣಗಳನ್ನು ಒದಗಿಸುವ ಅಧಿಕಾರಿಯಾಗಿ ನೇಮಕಗೊಂಡು, 1441ರಲ್ಲಿ ಕುಲೀನ ಪದವಿಯನ್ನೂ ಪಡೆದ. ಇಂಗ್ಲಿಷರಿಂದ ನಾರ್ಮಂಡಿಯನ್ನು ಮರಳಿ ಪಡೆಯುವ ಯುದ್ಧಕ್ಕೆ ದೊರೆಗೆ ಹಣ ಒದಗಿಸಿದವನೂ ಈತನೇ. ಆಸ್ಥಾನದ ಅನೇಕ ಶ್ರೀಮಂತರು ಅವನಿಗೆ ಸಾಲಗಾರರಾಗಿದ್ದರು.

ರಚನೆ

ನಿರ್ಮಾಣ 1443ರಲ್ಲಿ ಆರಂಭವಾಯಿತು. ನಗರದ ಪ್ರಾಚೀನ ರೋಮನ್ ಕೋಟೆಗೋಡೆಯ ಮೇಲೆಯೇ ಒಂದು ಪಾರ್ಶ್ವವನ್ನು ಕಟ್ಟಿರುವುದರಿಂದ ಆ ಕಡೆಯಿಂದ ಕಟ್ಟಡವು ಕೋಟೆಯಂತೆ ಕಾಣುತ್ತದೆ. ಒಳ ಅಂಗಳದ ಕಡೆಯಲ್ಲಿ ಸೂಕ್ಷ್ಮ ಕೆತ್ತನೆಗಳಿಂದ ಕೂಡಿದೆ. ಫ್ರೆಂಚ್ ಭಾಷೆಯಲ್ಲಿ ಯಜಮಾನನ ಮನೆತನದ ಹೆಸರಿಗೆ ಹೃದಯ ಎಂದರ್ಥ. ಸಂತ ಜಾಕ್‌ನ ಚಿಹ್ನೆ ಕಪ್ಪೆಚಿಪ್ಪು. ಹೀಗಾಗಿ ಹೃದಯ ಮತ್ತು ಕಪ್ಪೆಚಿಪ್ಪುಗಳ ಆಕೃತಿಗಳು ಮನೆಯ ಎಲ್ಲೆಡೆ ಕಾಣಸಿಗುತ್ತವೆ. ಧೀರ ಹೃದಯಗಳಿಗೆ ಅಸಾಧ್ಯವಾದುದಿಲ್ಲ ಎಂಬರ್ಥದ ಅವನ ಧ್ಯೇಯವಾಕ್ಯವನ್ನೂ ಕಲ್ಲಿನಲ್ಲಿ ಕೆತ್ತಲಾಗಿದೆ. ಮುಂಭಾಗದ ಹುಸಿ ಕಿಟಕಿಗಳಿಂದ ಕಲ್ಲಿನ ಗಂಡು ಮತ್ತು ಹೆಣ್ಣು ಬೀದಿಯತ್ತ ಇಣುಕುತ್ತಿರುವಂತೆ ಶಿಲ್ಪಗಳಿವೆ. ಒಂದು ಬೆಂಕಿಗೂಡಿನ ಮೇಲೆ ಹಳ್ಳಿಗರು ಕತ್ತೆಗಳನ್ನೇರಿ ಕಾದಾಡುವ ದೃಶ್ಯವಿದೆ. ಇದು ಕುಲೀನರ ಅಶ್ವಕಾಳಗದ ವಿಡಂಬನೆ. ಪ್ರವೇಶದ್ವಾರದ ಮೇಲಿನ ಪ್ರಾರ್ಥನಾಮಂದಿರದ ಚಾವಣಿಯಲ್ಲಿ ದೇವದೂತರ ವರ್ಣಚಿತ್ರಗಳಿವೆ. ಹಬೆಸ್ನಾನದ ಕೋಣೆ ಮತ್ತು ಶೌಚಾಲಯಗಳು ಅಂದಿನ ಸಿರಿವಂತರ ಅನುಕೂಲಗಳಿಗೆ ಸಾಕ್ಷಿಯಾಗಿವೆ.

ಪತನ

ಮನೆ ಬಹುಮಟ್ಟಿಗೆ ಪೂರ್ಣಗೊಂಡಿದ್ದ 1451ರ ಜುಲೈ 31ರಂದು ಜಾಕ್ ಕರ್ ಬಂಧಿತನಾದ. ದೊರೆಯ ಪ್ರೇಯಸಿ ಆನ್ಯೆಸ್ ಸೊರೆಲ್‌ಗೆ ವಿಷವಿಕ್ಕಿದನೆಂಬುದು ಮೊದಲ ಆರೋಪ. ಅದು ನಿಲ್ಲಲಿಲ್ಲ, ಆದರೆ ಮುಸ್ಲಿಮರಿಗೆ ಆಯುಧಗಳನ್ನು ಮಾರಿದುದು, ಅಕ್ರಮವಾಗಿ ಹಣ ಸುಲಿದುದು ಮುಂತಾದ ಬೇರೆ ಆರೋಪಗಳ ಮೇಲೆ 1453ರ ಮೇ 29ರಂದು ಶಿಕ್ಷೆಯಾಯಿತು. ಕಾನ್‌ಸ್ಟಾಂಟಿನೋಪಲ್ ತುರ್ಕರ ವಶವಾದ ದಿನವೂ ಅದೇ. ಭಾರಿ ದಂಡದೊಂದಿಗೆ ಅವನ ಆಸ್ತಿಯೆಲ್ಲ ಮುಟ್ಟುಗೋಲಾಯಿತು. ಜಪ್ತಿಯ ಹೊಣೆ ಹೊತ್ತ ಸರ್ಕಾರಿ ವಕೀಲ ಜಾನ್ ದೊವೆ ಬರೆದಿಟ್ಟ ದಿನಚರಿಯು ಈ ವರ್ತಕನ ವ್ಯವಹಾರಗಳನ್ನು ತಿಳಿಯಲು ಇಂದು ಮುಖ್ಯ ಆಕರವಾಗಿದೆ. 1454ರಲ್ಲಿ ಸೆರೆಯಿಂದ ತಪ್ಪಿಸಿಕೊಂಡ ಜಾಕ್ ಕರ್ ರೋಮ್ ಸೇರಿದ. ಪೋಪರ ನೌಕಾದಂಡಯಾತ್ರೆಯಲ್ಲಿ ಪಾಲ್ಗೊಂಡು 1456ರ ನವೆಂಬರ್‌ನಲ್ಲಿ ಕಿಯೋಸ್ ದ್ವೀಪದಲ್ಲಿ ತೀರಿಕೊಂಡ. ತಾನು ಕಟ್ಟಿಸಿದ ಮನೆಯಲ್ಲಿ ನೆಲೆಸಿ ಬಾಳುವ ಯೋಗ ಅವನಿಗೆ ಒದಗಲಿಲ್ಲ.

ಅನಂತರದ ಕಾಲ

1457ರಲ್ಲಿ ಮನೆ ಅವನ ಮಕ್ಕಳಿಗೆ ಮರಳಿತು. ಮುಂದೆ ಹಲವರ ಕೈಬದಲಾಗಿ, ಹದಿನಾಲ್ಕನೆಯ ಲೂಯಿಯ ಮಂತ್ರಿ ಕೋಲ್ಬೇರ್‌ನ ಒಡೆತನಕ್ಕೂ ಬಂದಿತು. 1682ರಲ್ಲಿ ನಗರಾಡಳಿತ ಇದನ್ನು ಕೊಂಡು ಪುರಭವನವಾಗಿ ಬಳಸಿತು. ಪ್ರವೇಶದ್ವಾರದ ಮೇಲಿದ್ದ ದೊರೆಯ ಅಶ್ವಾರೂಢ ಪ್ರತಿಮೆ ಫ್ರೆಂಚ್ ಕ್ರಾಂತಿಯಲ್ಲಿ ನಾಶವಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿ ನ್ಯಾಯಾಲಯಗಳು ನಡೆದವು. 1840ರಲ್ಲಿ ಸಂರಕ್ಷಿತ ಸ್ಮಾರಕಗಳ ಪಟ್ಟಿಗೆ ಸೇರಿದ ಈ ಕಟ್ಟಡವನ್ನು 1923ರಲ್ಲಿ ಸರ್ಕಾರವೇ ಕೊಂಡು, ಜೀರ್ಣೋದ್ಧಾರ ಮಾಡಿಸಿತು. ಇಂದು ಇದು ಸಾರ್ವಜನಿಕರ ವೀಕ್ಷಣೆಗೆ ತೆರೆದಿದೆ.