ಕೊಯ್ಯದೆ ಕಾಣುವ ರಕ್ತನಾಳ

ತೋಡಾರಿನಲ್ಲಿ ಬೀಡಿ ಕಟ್ಟುವ ಅಕ್ಕನೊಬ್ಬರು ‘ಶುಗರ್ ಉಂಟು ಮಾರಾಯ್ರೆ, ಕಣ್ಣಿಗೆ ಎಂತದೂ ಇಲ್ಲ’ ಎಂದರೆ ಅದು ಸುಳ್ಳಲ್ಲ. ಎಲೆಯ ನರ ಕಾಣುತ್ತದೆ, ನೂಲು ಕಾಣುತ್ತದೆ. ಅದೇ ಕಣ್ಣಿನ ಹಿಂಗೋಡೆಯಲ್ಲಿ, ಅಂದರೆ ರೆಟಿನಾದಲ್ಲಿ, ಆಗಲೇ ಹಾನಿ ಶುರುವಾಗಿರಬಹುದು! ಅದನ್ನು ಒಂದು ಫೋಟೊ ಹೇಳಿಬಿಡುತ್ತದೆ.

ಮೈಯೊಳಗಿನ ರಕ್ತನಾಳಗಳನ್ನು ಕೊಯ್ಯದೆ, ಚುಚ್ಚದೆ ಇಷ್ಟು ನಿಚ್ಚಳವಾಗಿ ನೋಡಲು ಬೇರೆ ಕಿಟಕಿಯೇ ಇಲ್ಲ. 1851ರಲ್ಲಿ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಕಣ್ಣೊಳಗೆ ಇಣುಕಲು ತಾನು ಮಾಡಿದ ಉಪಕರಣದ ವಿವರ ಪ್ರಕಟಿಸಿದ; ಅಲ್ಲಿಯವರೆಗೆ ಬರೀ ಕಪ್ಪಾಗಿದ್ದ ಪಾಪೆಯೊಳಗೆ ಕಿತ್ತಳೆಗೆಂಪು ಲೋಕವೊಂದು ಬೆಳಗಿತು. 2010ರಲ್ಲಿ ಬೆಂಗಳೂರಿನಲ್ಲಿ ಕೆ. ಚಂದ್ರಶೇಖರ್ ಮತ್ತು ಶ್ಯಾಮ್ ವಾಸುದೇವ ರಾವ್ ಫೋರಸ್ ಹೆಲ್ತ್ ಎಂಬ ಕಂಪನಿ ಕಟ್ಟಿದರು. ಅದೇ ಲೋಕದ ಫೋಟೊ ತೆಗೆಯುವ ಅವರ ‘3ನೇತ್ರ’ ಕ್ಯಾಮೆರಾವನ್ನು ಹಳ್ಳಿಗೇ ಹೊತ್ತೊಯ್ಯಬಹುದು. ತರಬೇತಾದ ಸಹಾಯಕರು ಚಿತ್ರ ತೆಗೆದರೆ ಸಾಕು, ಡಾಕ್ಟರು ದೂರದಲ್ಲೇ ಕೂತು ನೋಡಿಯಾರು. (ಹೆಸರು ಕೇಳಿದರೆ ಮುಕ್ಕಣ್ಣ ಶಿವನ ನೆನಪಾಗುತ್ತದೆ.)

ಆ ಚಿತ್ರದಲ್ಲಿ ಏನೆಲ್ಲ! ಸಕ್ಕರೆ ವರ್ಷಗಟ್ಟಲೆ ಏರಿಯೇ ಇದ್ದರೆ, ಕಿರುನಾಳಗಳನ್ನು ಹೊರಗಿನಿಂದ ಅಪ್ಪಿಕೊಂಡಿರುವ ಪೆರಿಸೈಟ್ ಕೋಶಗಳು ಸಾಯುತ್ತವೆ. ಆಸರೆ ಹೋದ ಗೋಡೆ ಅಲ್ಲಲ್ಲಿ ಉಬ್ಬುತ್ತದೆ. ಫೋಟೊದಲ್ಲಿ ಅದು ಸೂಜಿಮೊನೆಯಷ್ಟು ಕೆಂಪು ಚುಕ್ಕಿ, ಅಷ್ಟೇ. ಆಮೇಲೆ ಸೋರಿದ ಕೊಬ್ಬು ಹಳದಿ ಕಲೆಯಾಗುತ್ತದೆ. ಕೆಲವು ನಾಳಗಳು ಮುಚ್ಚಿಹೋದಾಗ ಉಸಿರುಗಟ್ಟಿದ ರೆಟಿನಾ ವಿಇಜಿಎಫ್ ಎಂಬ ರಾಸಾಯನಿಕ ಸುರಿಸಿ ಹೊಸ ನಾಳಗಳನ್ನು ಕರೆಯುತ್ತದೆ. ಅವು ಬರುತ್ತವೆ, ಆದರೆ ಎಷ್ಟು ಬಡಕಲು! ಒಡೆದು ಕಣ್ಣೊಳಗೇ ರಕ್ತ ಚೆಲ್ಲುತ್ತವೆ. ಬದುಕಿಸಲು ಬಂದವರೇ ಕುರುಡು ಮಾಡುವ ಇಂಥ ವಿಪರ್ಯಾಸ ಇನ್ನೆಲ್ಲಿದೆ? ಇದಕ್ಕೆ ಲೇಸರ್ ಉಂಟು, ವಿಇಜಿಎಫ್ ತಡೆಯುವ ಇಂಜೆಕ್ಷನ್ ಉಂಟು, ಹೊತ್ತು ಮೀರಿರಬಾರದು. ಹಾಗಾಗಿಯೇ ಟೈಪ್ 2 ಮಧುಮೇಹ ಗೊತ್ತಾದ ಕೂಡಲೇ ಕಣ್ಣು ತೋರಿಸಿ ಎನ್ನುವುದು.

ಇನ್ನೂ ಸೋಜಿಗ ಬೇಕೆ? ರೆಟಿನಾದ ನಾಳಗಳನ್ನು ತೋರಿಸುವ ಒಸಿಟಿ ಆಂಜಿಯೊಗ್ರಫಿ ಎಂಬ ತಂತ್ರ ಬಣ್ಣದ ದ್ರವ ಚುಚ್ಚುವುದೇ ಇಲ್ಲ. ಒಂದೇ ಜಾಗವನ್ನು ಕ್ಷಣಾರ್ಧದಲ್ಲಿ ಮತ್ತೆ ಮತ್ತೆ ಸ್ಕ್ಯಾನ್ ಮಾಡುತ್ತದೆ. ಅಲುಗದ್ದೆಲ್ಲ ಅಂಗಾಂಶ, ಅಲುಗಿದ್ದು ರಕ್ತಕಣ! ಹರಿವೇ ನಕ್ಷೆಯಾಗುತ್ತದೆ, ಹರಿವು ನಿಂತಲ್ಲಿ ಕಪ್ಪು.

2018ರಲ್ಲಿ ಗೂಗಲ್ ಸಂಶೋಧಕರು 2.8 ಲಕ್ಷಕ್ಕೂ ಹೆಚ್ಚು ಜನರ ರೆಟಿನಾ ಚಿತ್ರಗಳಿಂದ ಕಂಪ್ಯೂಟರನ್ನು ಪಳಗಿಸಿದರು. ವಯಸ್ಸು, ರಕ್ತದೊತ್ತಡ, ಧೂಮಪಾನದ ಚಟದ ಜೊತೆಗೆ ಅದು ಇನ್ನೊಂದನ್ನೂ ಊಹಿಸಿತು: ಈ ಕಣ್ಣು ಗಂಡಸಿನದೋ ಹೆಂಗಸಿನದೋ! ಬಹುಪಾಲು ಸರಿಯಾಗಿಯೇ. ನುರಿತ ನೇತ್ರತಜ್ಞರಿಗೂ ಆ ಚಿತ್ರ ನೋಡಿ ಅದನ್ನು ಹೇಳಲು ಬರುವುದಿಲ್ಲ.