ಈಶ್ವರಕರುಣೆ ಮತ್ತು ಲೋಕದುಃಖ

ದೇವರು ಕರುಣಾಮಯನೂ ಸರ್ವಶಕ್ತನೂ ಆಗಿದ್ದರೆ ಲೋಕದಲ್ಲಿ ದುಃಖವೇಕೆ? ಕರುಣೆಯಿದ್ದು ಶಕ್ತಿಯಿಲ್ಲವೆಂದರೆ ಈಶ್ವರತ್ವಕ್ಕೆ ಕುಂದು; ಶಕ್ತಿಯಿದ್ದು ಕರುಣೆಯಿಲ್ಲವೆಂದರೆ ಭಕ್ತಿಗೆ ನೆಲೆಯಿಲ್ಲ. ಪಾಶ್ಚಾತ್ಯರಲ್ಲಿ ಲೈಬ್‌ನಿಟ್ಸನು 1710ರಲ್ಲಿ ಈ ಪ್ರಶ್ನೆಗಾಗಿಯೇ ಒಂದು ಗ್ರಂಥವನ್ನು ಪ್ರಕಟಿಸಿದನು. ನಮ್ಮ ವೇದಾಂತಿಗಳು ಇದನ್ನು ವೈಷಮ್ಯ, ನೈರ್ಘೃಣ್ಯ ಎಂಬ ಎರಡು ದೋಷಗಳ ರೂಪದಲ್ಲಿ ಎತ್ತಿಕೊಂಡರು. ಒಬ್ಬನಿಗೆ ಸುಖವನ್ನೂ ಮತ್ತೊಬ್ಬನಿಗೆ ದುಃಖವನ್ನೂ ಕೊಡುವ ಪಕ್ಷಪಾತವು ವೈಷಮ್ಯ. ದುಃಖವನ್ನು ಕೊಡುವ ನಿರ್ದಯತೆಯೇ ನೈರ್ಘೃಣ್ಯ.

ಈ ಪ್ರಶ್ನೆಗೆ ಕನ್ನಡನಾಡಿನಲ್ಲಿ ದೊರೆತ ಉತ್ತರಗಳು ಎಷ್ಟು ಭಿನ್ನವೆಂಬುದನ್ನು ಕಾಣಲು ಗುಬ್ಬಿ ತಾಲ್ಲೂಕಿನ ನಿಟ್ಟೂರು ಒಳ್ಳೆಯ ನೆಲೆ. ಇಲ್ಲಿ ಹೊಯ್ಸಳರ ಕಾಲದ, 12ನೆಯ ಶತಮಾನದ ಶಾಂತೀಶ್ವರ ಬಸದಿಯಿದೆ. ನೆರೆಯ ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆಯಿದೆ. ಬಸದಿಯಲ್ಲಿ ಪೂಜೆಗೊಳ್ಳುವ ಜಿನನು ಲೋಕವನ್ನು ಸೃಷ್ಟಿಸಿದವನಲ್ಲ. ಎಡೆಯೂರಿನ ಭಕ್ತನಿಗೆ ಶಿವನಿಲ್ಲದೆ ಲೋಕವೇ ಇಲ್ಲ.

ಮೊದಲು ವೇದಾಂತಿಗಳ ಉತ್ತರವನ್ನು ನೋಡೋಣ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲ ಪಾದವು, ಈಶ್ವರನು ಜೀವರ ಕರ್ಮವನ್ನು ಅಪೇಕ್ಷಿಸಿಯೇ ಸೃಷ್ಟಿಸುವನಾದ್ದರಿಂದ ಅವನಿಗೆ ಈ ದೋಷಗಳಿಲ್ಲವೆನ್ನುತ್ತದೆ. ಶಂಕರರ ದೃಷ್ಟಾಂತವು ಪ್ರಸಿದ್ಧ: ಮಳೆ ಎಲ್ಲ ಪೈರಿಗೂ ಸಮಾನ, ಬತ್ತ, ಜವೆ ಎಂಬ ಭೇದವು ಬೀಜದಿಂದ ಬಂದದ್ದು. ಮೊದಲ ಸೃಷ್ಟಿಗೆ ಮುಂಚೆ ಕರ್ಮವೆಲ್ಲಿತ್ತೆಂದರೆ, ಸಂಸಾರವು ಅನಾದಿ ಎಂಬುದೇ ಸಮಾಧಾನ. ಜೀವನ ಮೊದಲ ಪ್ರಯತ್ನವನ್ನು ನೋಡಿ ಈಶ್ವರನು ಅನುಮತಿಯನ್ನೀಯುವನೆಂದು ರಾಮಾನುಜರು ಹೇಳಿ ಜೀವನ ಹೊಣೆಯನ್ನು ಉಳಿಸಿದರು. ಕರ್ಮವೂ ಹರಿಯ ಅಧೀನವೆಂದು ಸಾರಿದ ಮಧ್ವರು, ಭೇದಕ್ಕೆ ಮೂಲವನ್ನು ಜೀವರ ಅನಾದಿಯಾದ ಸ್ವಭಾವದಲ್ಲಿ ಕಂಡರು.

ಜೈನ ತಾರ್ಕಿಕರಿಗೆ ಇದು ಸಾಲದು. ಕರುಣೆಯಿಂದಲೇ ಸೃಷ್ಟಿಸಿದ್ದರೆ ಎಲ್ಲರನ್ನೂ ಸುಖಿಗಳನ್ನಾಗಿಯೇ ಏಕೆ ಸೃಷ್ಟಿಸಲಿಲ್ಲವೆಂದು 9ನೆಯ ಶತಮಾನದ ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಕೇಳಿದರು. ಫಲವನ್ನು ಕರ್ಮವೇ ಕೊಡುವುದಾದರೆ ನಡುವೆ ಈಶ್ವರನೇಕೆ? ಕರ್ತೃವಿಲ್ಲದೆಯೇ ಕರ್ಮವು ಜೀವನನ್ನು ಬಂಧಿಸುವುದೆಂಬುದು ಅವರ ಮತ. ಜನ್ನನ ಯಶೋಧರ ಚರಿತೆ (1209) ಈ ತತ್ತ್ವದ ಕಥಾರೂಪ: ಹಿಟ್ಟಿನ ಕೋಳಿಯನ್ನು ಬಲಿಗೊಟ್ಟ ಸಂಕಲ್ಪಹಿಂಸೆಗಾಗಿ ತಾಯಿಯೂ ಮಗನೂ ಮೃಗಪಕ್ಷಿಗಳಾಗಿ ತೊಳಲುತ್ತಾರೆ. ಅಲ್ಲಿ ಶಿಕ್ಷಿಸುವ ದೇವರಿಲ್ಲ. ಆದರೆ ಕ್ಷಮಿಸುವ ದೇವರೂ ಇಲ್ಲ.

ಈ ವಾದಗಳನ್ನು ಅನುಭವದ ಒರೆಗಲ್ಲಿಗೆ ಹಚ್ಚಬೇಕು. 1876ರಿಂದ 1878ರವರೆಗೆ ಮೈಸೂರು ಸಂಸ್ಥಾನವನ್ನು ಭೀಕರ ಕ್ಷಾಮವು ಬಾಧಿಸಿತು. 1871ರ ಜನಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಮಳೆ ಸಮಾನವಾಗಿ ಸುರಿದಾಗ ಬೀಜಭೇದವನ್ನು ಹೇಳಬಹುದು. ಮಳೆಯೇ ಬಾರದಾಗ ಎಲ್ಲ ಬೀಜವೂ ಒಂದೇ ಸಮನೆ ಒಣಗುವುದು. ಹಸುಗೂಸೂ ಮುದುಕನೂ ಸತ್ತರೆ, ಪ್ರತಿಯೊಬ್ಬರ ಪೂರ್ವಕರ್ಮವೂ ಅದೇ ವರ್ಷ ಪಕ್ವವಾಯಿತೆನ್ನಬೇಕಾಗುವುದು. ಇದನ್ನು ಅಲ್ಲಗಳೆಯಲು ಸಾಧ್ಯವಿಲ್ಲ, ಸಾಧಿಸಲೂ ಸಾಧ್ಯವಿಲ್ಲ. ಅನಾದಿತ್ವವು ತರ್ಕದೋಷವನ್ನು ಪರಿಹರಿಸುವುದು ನಿಜ; ಸರ್ವಶಕ್ತನು ಆ ಸರಪಣಿಯನ್ನು ಏಕೆ ಕಡಿಯಲಿಲ್ಲವೆಂಬ ಪ್ರಶ್ನೆಯನ್ನು ಮಾತ್ರ ಹಾಗೆಯೇ ಉಳಿಸುವುದು.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ದುಃಖವು ಕರ್ಮಫಲವೆಂಬ ಮಾತು ದುಃಖಿಯ ಬಾಯಲ್ಲಿ ಸೈರಣೆಯಾಗಬಹುದು. ನೋಡುತ್ತ ನಿಂತವನ ಬಾಯಲ್ಲಿ ಅದು ಕಾಠಿಣ್ಯವಾಗುವುದು. ಈಶ್ವರನ ನೈರ್ಘೃಣ್ಯವನ್ನು ನಿವಾರಿಸಹೊರಟ ಸಿದ್ಧಾಂತವು ಮನುಷ್ಯನ ನೈರ್ಘೃಣ್ಯಕ್ಕೆ ನೆಪವಾಗಬಾರದು. ಆ ಸಿದ್ಧಾಂತದಲ್ಲಿಯೇ ಇದಕ್ಕೆ ತಡೆಯಿದೆ: ನರಳುವವನದು ಹಳೆಯ ಕರ್ಮವಾದರೆ, ನೋಡಿ ಸುಮ್ಮನಿರುವವನದು ಹೊಸ ಕರ್ಮ. ಆದ್ದರಿಂದಲೇ ಕರುಣಾಳುವಾದ ಕರ್ತೃವನ್ನು ಒಪ್ಪದ ಜೈನರು ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಶ್ರಾವಕನಿಗೆ ವಿಧಿಸಿದರು. ಬಂದುದೆಲ್ಲ ಪ್ರಸಾದವೆಂದು ಸ್ವೀಕರಿಸುವ ವೀರಶೈವರು ತಮ್ಮ ಕಷ್ಟಕ್ಕೆ ಪ್ರಸಾದಭಾವವನ್ನೂ ಪರರ ಹಸಿವಿಗೆ ದಾಸೋಹವನ್ನೂ ಹೇಳಿದರು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳಿಗೆ ದೊರೆಯುವ ಅನ್ನ ಮತ್ತು ವಿದ್ಯೆ ಆ ತತ್ತ್ವದ ಫಲ.

ಹೀಗೆ ನೋಡಿದಾಗ ಪ್ರಶ್ನೆ ಎರಡಾಗಿ ಒಡೆಯುವುದು. ದುಃಖವು ಏಕೆ ಬಂದಿತೆಂಬುದು ಒಂದು. ಬಂದ ದುಃಖಕ್ಕೆ ಏನು ಮಾಡಬೇಕೆಂಬುದು ಇನ್ನೊಂದು. ಮೊದಲನೆಯದರಲ್ಲಿ ಬಸದಿಯೂ ಗದ್ದುಗೆಯೂ ಒಮ್ಮತಕ್ಕೆ ಬರಲಿಲ್ಲ, ಬರುವಂತೆಯೂ ತೋರದು. ಎರಡನೆಯದರಲ್ಲಿ ಅವುಗಳಿಗೆ ಭಿನ್ನಾಭಿಪ್ರಾಯವಿಲ್ಲ. ಮೊದಲನೆಯದಕ್ಕೆ ಕೊಡುವ ಯಾವ ಉತ್ತರವೂ ಎರಡನೆಯದನ್ನು ದುರ್ಬಲಗೊಳಿಸಕೂಡದೆಂಬುದೇ ಅದರ ಯೋಗ್ಯತೆಯನ್ನು ಅಳೆಯುವ ಮಾನದಂಡವೆಂದು ನಾವು ಭಾವಿಸುತ್ತೇವೆ.